ಶಾಣ್ಯಾ ಮಗಳು ತಪ್ಪು ಹೇಳಿದ್ದು

ನಾಲ್ಕನೆಯ ಇಯತ್ತೆಯಲ್ಲಿರುವ ನಮ್ಮ ಮಗಳು ಏಳನೆಯದರ ಲೆಕ್ಕ ಬಿಡಿಸುತ್ತಾಳೆ. ಕನ್ನಡದಷ್ಟೇ ಸಲೀಸಾಗಿ ಮರಾಠಿ ಓದುತ್ತಾಳೆ. ಇಂಥ ಮಗುವನ್ನು ಇಲ್ಲಿ ಇಟ್ಟುಕೊಳ್ಳಬೇಡಿ, ದೊಡ್ಡ ಊರಿನ ವಸತಿ ಶಾಲೆಗೆ ಹಾಕಿ ಎಂದರು ಮಾಸ್ತರರು. ನಮ್ಮ ಮನೆಯವರು ಅಂದೇ ಒಪ್ಪಿದರು. ನನಗೂ ಆಸೆಯಿತ್ತು. ಎಸ್ಸೆಸ್ಸೆಲ್ಸಿಗೇ ಓದು ನಿಂತವಳಿಗೆ ಇರುವುದಿಲ್ಲವೇ?

ಆದರೆ ಮಗಳು ಜಾಣೆಯೆಂಬ ಮನೆಯವರ ಬಡಾಯಿ ನನಗೆ ಸೇರುತ್ತಿರಲಿಲ್ಲ. ಐನಾಪುರದ ನಮ್ಮ ಮನೆಗೆ ಯಾರೇ ಬರಲಿ, ಚಹಾ ಮುಗಿಯುವುದೇ ತಡ, "ಬಾರವ್ವ ಇಲ್ಲಿ. ಭಾಳ ಶಾಣ್ಯಾಕಿ ಅದಾಳ್ರಿ, ಏನರೆ ಕೇಳ್ರಿ" ಎನ್ನುತ್ತಿದ್ದರು. ಹಿಂಡುವ ಎಮ್ಮೆಯನ್ನು ತೋರಿಸುವಾಗಲೂ ಅವರದು ಅದೇ ದನಿ.

ನಮ್ಮ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟನಿ ಮುಗಿದ ಮೇಲೆ ಏಕಸಂಬಿಯಿಂದ ಅವರ ಸೋದರತ್ತೆ ಬಂದರು.

"ಹನ್ನೆರಡ ಎಂಟ್ಲೆ ಎಷ್ಟವಾ?"

"ಎಂಬತ್ತ" ಎಂದಳು ಮಗಳು. ಇನ್ನೊಂದು ಕೇಳಿದರು, ಅದೂ ತಪ್ಪು. ಆಮೇಲೆ ಶಾಲೆಯಲ್ಲೂ ಇದೇ ಕತೆ.

"ದಿಷ್ಟಿ ಆಗೇತಿ. ಬಂದವರ ಮುಂದೆಲ್ಲಾ ಕುಣಿಸಿದ್ರ ಇನ್ನೇನ್ ಆಗತೈತಿ?" ಎಂದು ನಮ್ಮತ್ತೆ ಮಗನನ್ನೇ ಬೈದು, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಯ ಕೆಂಡಕ್ಕೆ ಹಾಕಿದರು.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿಯ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅವತ್ತು ಎಂಥ ಘಾಟು! ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಅತ್ತೆ ಕಣ್ಣೊರೆಸಿಕೊಳ್ಳುತ್ತ, "ಈಕಿಗೆ ದಿಷ್ಟಿ ಗಿಷ್ಟಿ ಏನೂ ಆಗಿಲ್ಲ. ಬ್ಯಾರೆ ಏನೋ ಐತಿ, ಕೇಳು" ಎಂದರು.

ಮಗಳನ್ನು ಹತ್ತಿರ ಎಳೆದುಕೊಂಡು ಕೇಳಿದೆ.

"ದಡ್ಡಿ ಆದ್ರ ಹಾಸ್ಟೆಲ್ಲಿಗೆ ಕಳಸೂದಿಲ್ಲಲಾ, ಅವ್ವಾ?" ಎಂದಳು.

ಅವಳ ಓದಿನ ಬಗ್ಗೆ ಮಾಸ್ತರರನ್ನು, ಬೀಗರನ್ನು, ಬಂದ ಹೋದವರನ್ನೆಲ್ಲ ಕೇಳಿದ್ದೆವು, ಅವಳೊಬ್ಬಳನ್ನು ಬಿಟ್ಟು. ಮನೆಯವರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೀ ಹೋಗತೀನಿ ಅನ್ನೂ ತನಕ ಕಳಸೂದಿಲ್ಲವ್ವ" ಎಂದರು. ಅದು ಸರಿಯೋ ತಪ್ಪೋ, ನನಗೆ ಈಗಲೂ ತಿಳಿಯದು. ಒಂದು ಒಳ್ಳೆಯ ಶಾಲೆ ಕೈತಪ್ಪಿತಲ್ಲ ಎಂಬ ಸಂಕಟ ಆಗಾಗ ಬರುತ್ತದೆ.

ಮೊನ್ನೆ ಪಕ್ಕದ ತೋಟದವರು ಬಂದಿದ್ದರು. ಯಾರೂ ಅವಳನ್ನು ಕರೆಯಲಿಲ್ಲ. ಲೀಟರಿಗೆ ಎರಡೂವರೆ ಗ್ರಾಂ ಔಷಧವೆಂದರೆ ಆರುನೂರು ಲೀಟರಿನ ಟ್ಯಾಂಕಿಗೆ ಎಷ್ಟು ಎಂದು ಗಂಡಸರಿಬ್ಬರೂ ತಡಕಾಡುತ್ತಿದ್ದರು. ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಮಗಳು ಅಲ್ಲಿಂದಲೇ ಕೂಗಿದಳು: "ಒಂದೂವರಿ ಕಿಲೋ, ಅಪ್ಪಾ!"

"ಭಾಳ ಶಾ..." ಎಂದು ಶುರುಮಾಡಿದ ಮನೆಯವರು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ನಾನು ಚಹಾ ಸೋಸುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. ಈ ಸಲ ಒಲೆಯಲ್ಲಿ ಮೆಣಸಿನಕಾಯಿ ಇರಲಿಲ್ಲ.