ಇಬ್ಬರಿಗೂ ಸೀಟಿತ್ತು

ಸೆಲ್ವಿಯ ಓದನ್ನು ನಿಲ್ಲಿಸಿದವಳು ನಾನು. ಸುಂಟಿಕೊಪ್ಪದಲ್ಲಿ ಯಾರನ್ನು ಕೇಳಿದರೂ ಬಡತನ ಎನ್ನುತ್ತಾರೆ, ಇಲ್ಲವೇ ಅವಳ ಅಪ್ಪನ ಕುಡಿತ ಎನ್ನುತ್ತಾರೆ. ಇಷ್ಟು ವರ್ಷ ನಾನೂ ಹಾಗೆಯೇ ಹೇಳುತ್ತಾ ಬಂದೆ. ನಿಜವಾಗಿ ಅವಳನ್ನು ತಡೆದದ್ದು ನನ್ನ ಒಂದು ಸುಳ್ಳು — ಯಾರೂ ಒತ್ತಾಯಿಸದೆ, ನಾನಾಗಿಯೇ ಆಡಿದ ಸುಳ್ಳು.

ನನ್ನ ಅಪ್ಪ ಸುಂಟಿಕೊಪ್ಪದ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ಕೆಲಸ ಹಂಚುವುದು ಅವರ ಕೆಲಸ. ಸೆಲ್ವಿಯ ಅಪ್ಪ ಅಮ್ಮ ಅದೇ ಎಸ್ಟೇಟಿನ ಕೂಲಿಯವರು, ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆಯಲ್ಲಿದ್ದರು. ನಾವಿಬ್ಬರೂ ಒಂದೇ ತರಗತಿ, ಒಂದೇ ಬಸ್ಸು. ಕಾಲೇಜಿನ ಮೈದಾನದಲ್ಲಿ ಓಡುತ್ತಿದ್ದುದೂ ಒಟ್ಟಿಗೇ. ಎಂಟುನೂರು ಮೀಟರಿನಲ್ಲಿ ಅವಳು ಮೊದಲು, ನಾನು ಎರಡನೆಯವಳು. ಯಾವಾಗಲೂ. ಕೊನೆಯ ತಿರುವಿನವರೆಗೂ ಅವಳ ಬೆನ್ನ ಹಿಂದೆಯೇ ಇರುತ್ತಿದ್ದೆ. ಆಮೇಲೆ ಅವಳು, ಅದೇನು ಮಾಡುತ್ತಿದ್ದಳೋ, ಸುಮ್ಮನೆ ನನ್ನನ್ನು ಬಿಟ್ಟು ಹೊರಟುಹೋಗುತ್ತಿದ್ದಳು. ಗೆದ್ದವಳು ತಿರುಗಿ ಬಂದು, ಏದುಸಿರು ಬಿಡುತ್ತಿದ್ದ ನನ್ನ ಬೆನ್ನು ಸವರುತ್ತಿದ್ದಳು. ಆ ಕೈಯನ್ನು ನಾನು ಸಹಿಸುತ್ತಿರಲಿಲ್ಲ. ರೈಟರ ಮಗಳ ಬೆನ್ನು ಸವರಲು ಈ ಲೈನಿನ ಹುಡುಗಿ ಯಾರು — ಹೌದು, ಇದೇ ಮಾತು ಮನಸ್ಸಿನಲ್ಲಿ ಬರುತ್ತಿತ್ತು. ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಪಿಯುಸಿ ಮುಗಿದಾಗ ನಮ್ಮ ಪಿಟಿ ಮಾಸ್ತರರು ಮೈಸೂರಿನ ಒಂದು ಕಾಲೇಜಿನ ಸುದ್ದಿ ತಂದರು. ಅಲ್ಲಿ ವ್ಯಾಯಾಮ ವಿಜ್ಞಾನ ಎಂಬ ಡಿಗ್ರಿ ಇದೆಯಂತೆ, ಹೋಗಿ ವಿಚಾರಿಸಿ ಎಂದರು. ಸೆಲ್ವಿಗೆ ಆ ವಾರ ಬರಲಾಗಲಿಲ್ಲ.

“ಅಮ್ಮಂಗೆ ಜ್ವರ. ಗೊಬ್ಬರ ಹಾಕೋಕೆ ಅವ್ಳ ಬದ್ಲು ನಾನೇ ಹೋಗ್ಬೇಕು. ನೀನೇ ಕೇಳ್ಕೊಂಡು ಬಾ ಮಾರಾಯ್ತಿ. ನೀ ಏನ್ ಹೇಳ್ತೀಯೋ ಅದೇ ನಂಗೆ” ಎಂದಳು.

ಮೈಸೂರಿನ ಅಧ್ಯಾಪಕರು ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಓಡುವಾಗ ಹೃದಯ ಏನು ಮಾಡುತ್ತದೆ, ಸ್ನಾಯು ಯಾಕೆ ದಣಿಯುತ್ತದೆ — ಅದೇ ಈ ಓದು. ಓದಿದವರು ಆಟಗಾರರನ್ನು ತಯಾರು ಮಾಡಬಹುದು. ಹೃದಯಾಘಾತವಾದವರನ್ನು ಮತ್ತೆ ನಡೆಸಬಹುದು. ಬಿದ್ದು ಹೆದರಿದ ಮುದುಕರ ಕಾಲಿಗೆ ಬಲ ತುಂಬಬಹುದು. ಮುಂದೆ ಓದಿದರೆ ಪಾಠ ಹೇಳಬಹುದು, ಸಂಶೋಧನೆ ಮಾಡಬಹುದು. ಸೆಲ್ವಿಯ ಹೆಸರನ್ನು ನಾನು ಎತ್ತಲಿಲ್ಲ. ಅವರೇ ಕೇಳಿದರು: “ನಿಮ್ಮ ಕಾಲೇಜಲ್ಲಿ ಚೆನ್ನಾಗಿ ಓಡೋ ಇನ್ನೊಂದು ಹುಡುಗಿ ಇದ್ದಾಳಂತಲ್ಲಮ್ಮ? ಅವಳ ಮನೆ ಕಷ್ಟಾನೂ ನಿಮ್ಮ ಮಾಸ್ತರ್ರು ಹೇಳಿದ್ರು. ಕರ್ಕೊಂಡು ಬಾ. ಇಬ್ರಿಗೂ ಸೀಟಿದೆ. ಅವಳ ಫೀಸು, ಹಾಸ್ಟೆಲ್ಲು ಎಲ್ಲಾ ನಾವು ನೋಡ್ಕೋತೀವಿ.”

ಇಬ್ಬರಿಗೂ ಸೀಟಿತ್ತು. ಅವಳು ಬಂದಿದ್ದರೆ ನನಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಒಂದೇ ಸೀಟಿಗಾಗಿ ಹೀಗೆ ಮಾಡಿದ್ದರೆ ಅದನ್ನು ಸ್ವಾರ್ಥ ಎನ್ನಬಹುದಿತ್ತು. ಇದಕ್ಕೆ ಏನನ್ನಬೇಕೋ... ಬಸ್ಸು ಕುಶಾಲನಗರ ದಾಟುವ ಹೊತ್ತಿಗೆ ನನಗೆ ಮೈಸೂರಿನ ಮೈದಾನ ಕಾಣುತ್ತಿತ್ತು. ಅಲ್ಲೂ ನನ್ನ ಮುಂದೆ ಅವಳ ಬೆನ್ನು.

ಅವಳು ಬಸ್ ಸ್ಟಾಂಡಿನಲ್ಲೇ ಕಾಯುತ್ತಿದ್ದಳು. ಕೆಲಸ ಮುಗಿಸಿ ನೇರವಾಗಿ ಬಂದಿದ್ದಳು, ಬಟ್ಟೆಯಲ್ಲಿ ಇನ್ನೂ ಗೊಬ್ಬರದ ವಾಸನೆ.

“ಏನಂದ್ರು?”

“ಏನಿಲ್ಲ ಕಣೇ. ಜಿಮ್ಮಲ್ಲಿ ನಿಂತ್ಕೊಂಡು ಬೇರೆಯವ್ರು ಡಂಬೆಲ್ ಎತ್ತೋದನ್ನ ನೋಡೋ ಓದು. ಹುಡುಗೀರಿಗೆ ಕೆಲ್ಸ ಸಿಗಲ್ಲ. ನಿಂಗದು ಬೇಡ.”

“ಹಂಗಾದ್ರೆ ನೀನು?”

“ನಂಗೆ ಅಪ್ಪ ಇದ್ದಾರೆ. ಹೆಂಗೋ ನಡಿಯುತ್ತೆ.”

ತಲೆಯಾಡಿಸಿದಳು. ಕಣ್ಣಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಮರುದಿನ ಪಿಟಿ ಮಾಸ್ತರರಿಗೆ, “ಸೆಲ್ವಿಗೆ ಇಷ್ಟ ಇಲ್ವಂತೆ ಸಾರ್” ಎಂದೆ. ಆ ಬಾಗಿಲನ್ನೂ ಮುಚ್ಚಿದೆ.

ಮೈಸೂರಿನಲ್ಲಿ ನಾನು ಒಂದು ಓಟವನ್ನೂ ಗೆಲ್ಲಲಿಲ್ಲ. ಅಲ್ಲಿ ಬೇರೆ ಹುಡುಗಿಯರ ಬೆನ್ನುಗಳಿದ್ದವು. ಆದರೂ ಡಿಗ್ರಿ ಮುಗಿಸಿದೆ, ಮುಂದೆಯೂ ಓದಿದೆ. ಈಗ ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ಹೃದ್ರೋಗಿಗಳಿಗೆ, ಮೊಣಕಾಲು ಸೋತವರಿಗೆ ವ್ಯಾಯಾಮ ಮಾಡಿಸುತ್ತೇನೆ. ಊರಿನವರು ಗೌರವ ಕೊಡುತ್ತಾರೆ. ಸೆಲ್ವಿ ಎಸ್ಟೇಟಿನ ಕೆಲಸಕ್ಕೇ ಸೇರಿದಳು, ಅಲ್ಲಿಯೇ ಮದುವೆಯಾದಳು. ಊರಿಗೆ ಹೋದಾಗ ದೂರದಿಂದ ಕಂಡರೆ ನಾನೇ ದಾರಿ ಬದಲಿಸುತ್ತಿದ್ದೆ.

ಕಳೆದ ವರ್ಷ ಕಾಫಿ ಪಿಕ್ಕಿಂಗ್ ಮುಗಿದ ಮೇಲೆ, ಡಾಕ್ಟರು ಅವಳನ್ನು ನನ್ನ ಬಳಿಗೇ ಕಳಿಸಿದರು. ಇಳಿಜಾರಿನಲ್ಲಿ ಮೂಟೆ ಹೊತ್ತು ಹೊತ್ತು ಮೊಣಕಾಲು ಕೆಟ್ಟಿತ್ತು. “ನಮಸ್ಕಾರ ಮೇಡಂ” ಎಂದಳು. ಒಂದು ಕಾಲದಲ್ಲಿ ನನ್ನನ್ನು ಹೇಮಾ ಎಂದು ಕರೆಯುತ್ತಿದ್ದವಳು. ಹಾಸಿಗೆಯ ಮೇಲೆ ಕಾಲು ಚಾಚಿಸಿ ಮೊಣಕಾಲು ಮುಟ್ಟಿ ನೋಡಿದೆ. ತೊಡೆಯಲ್ಲಿ ಮಾಂಸವೇ ಉಳಿದಿರಲಿಲ್ಲ. ಅವಳು ಕೋಣೆಯ ಸುತ್ತ ನೋಡುತ್ತಿದ್ದಳು. ಆಚೆ ಹೃದಯದ ಆಪರೇಷನ್ ಆದ ಅಜ್ಜ ಟ್ರೆಡ್‌ಮಿಲ್ಲಿನ ಮೇಲೆ ನಿಧಾನವಾಗಿ ನಡೆಯುತ್ತಿದ್ದರು, ನನ್ನ ಸಹಾಯಕಿ ಪಕ್ಕದಲ್ಲಿ ನಿಂತಿದ್ದಳು.

“ಇದಕ್ಕೆಲ್ಲಾ ನೀವು ಯಾವ ಓದು ಓದಿದ್ದು ಮೇಡಂ?” ಎಂದು ಕೇಳಿದಳು. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, “ಆವತ್ತು ಮೈಸೂರಿಂದ ಬಂದು ಹೇಳಿದ್ದಲ್ಲ... ಅದೇನಾ?”

ಮತ್ತೊಮ್ಮೆ ಸುಳ್ಳು ಹೇಳಬಹುದಿತ್ತು. ಸುಲಭವಾಗಿತ್ತು.

“ಅದೇ. ನಾನು ನಿಂಗೆ ಸುಳ್ಳು ಹೇಳ್ದೆ ಸೆಲ್ವಿ. ನಿಂಗೂ ಸೀಟಿತ್ತು. ಎಲ್ಲಾ ಫ್ರೀ ಇತ್ತು.”

ಅವಳು ಆ ಅಜ್ಜನನ್ನೇ ನೋಡುತ್ತಿದ್ದಳು. “ಯಾಕೆ?” ಎಂದಳು.

“ನೀನು ಯಾವಾಗ್ಲೂ ನನ್ನ ಮುಂದೆ ಇರ್ತಿದ್ದೆ... ಅದಕ್ಕೆ.”

“ಅಷ್ಟಕ್ಕಾ?”

ಸೀರೆಯನ್ನು ಮೊಣಕಾಲು ಮುಚ್ಚುವಂತೆ ಕೆಳಗೆಳೆದುಕೊಂಡು, ಗೋಡೆ ಹಿಡಿದು ಎದ್ದು, ಒಂದು ವ್ಯಾಯಾಮವನ್ನೂ ಕಲಿಯದೆ ಹೊರಟುಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆಗ ನನಗೆ ಹೊಳೆಯಿತು — ಸತ್ಯವನ್ನು ಸಹ ನಾನು ನನ್ನ ಭಾರ ಇಳಿಸಿಕೊಳ್ಳಲು ಹೇಳಿದ್ದೆ. ಅದಕ್ಕೂ ಅವಳ ಮೊಣಕಾಲೇ ಬೆಲೆ ತೆತ್ತಿತು. ಲೈನಿಗೆ ಹೋದೆ. ಬಾಗಿಲಲ್ಲಿ ಅವಳ ಗಂಡ ನಿಂತು, “ಅವಳು ನಿಮ್ಮನ್ನ ನೋಡಲ್ಲಂತೆ” ಎಂದ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು.

ಕೊನೆಗೆ ಸಹಾಯಕಿಯಿಂದ ಫೋನ್ ಮಾಡಿಸಿದೆ. “ಗುರುವಾರ ಆ ಮೇಡಂ ಇರಲ್ಲ, ನಾನೇ ಮಾಡಿಸ್ತೀನಿ ಬನ್ನಿ” ಎಂದು ಹೇಳಿಸಿದೆ. ಸೆಲ್ವಿ ಬಂದಳು. ಈಗಲೂ ಬರುತ್ತಾಳೆ, ನೋವು ಕಡಿಮೆಯಾಗುತ್ತಿದೆಯಂತೆ. ಅವಳಿಗೆ ಯಾವ ವ್ಯಾಯಾಮ ಬೇಕೆಂದು ಬುಧವಾರವೇ ಸಹಾಯಕಿಗೆ ತೋರಿಸಿ ಹೋಗುತ್ತೇನೆ. ಕ್ಷಮೆ ಕೇಳಿಲ್ಲ — ಕೇಳಿದರೆ ಅದನ್ನೂ ಅವಳೇ ಕೊಡಬೇಕಾಗುತ್ತದೆ. ಗುರುವಾರ ನಾನು ಆಸ್ಪತ್ರೆಯ ಕಡೆ ಸುಳಿಯುವುದಿಲ್ಲ. ನನ್ನಿಂದ ಅವಳಿಗೆ ಬೇಕಾಗಿರುವುದು ಈಗ ಅದೊಂದೇ.