ಪಾರ್ವತಿ ಆಡದ ಸಾಲು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಆರಂಭದ ವರ್ಷಗಳವು. ಮನೆಗೆಲಸ ಮುಗಿಸಿ, ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರ ಆಫೀಸಿಗೆ ಅರ್ಧ ದಿನ ನಕಲು ಬರೆಯಲು ಹೋಗುತ್ತಿದ್ದೆ. ಕಾನ್ವೆಂಟಿನಲ್ಲಿ ತಿದ್ದಿಸಿದ ದುಂಡು ಅಕ್ಷರವೇ ನನ್ನ ಅರ್ಹತೆ.

ಆಫೀಸಿನ ಗುಮಾಸ್ತ, ಅಂದರೆ ಎಸ್ಟೇಟಿನವರ ಮಾತಿನಲ್ಲಿ ರೈಟರ್, ಸುಬ್ಬಯ್ಯನವರು. ಅವರು ಕರಡಿನಲ್ಲಿ ಗುರುತಕ್ಷರ ಹಾಕಿದರೆ ನಾನು ಪೂರ್ತಿ ವಾಕ್ಯವಾಗಿ ಬಿಡಿಸಬೇಕು. ‘ಮ’ ಎಂದರೆ ‘ಮಾನ್ಯ ಮ್ಯಾನೇಜರವರಲ್ಲಿ ವಿನಂತಿ’. ‘ತ’ ಎಂದರೆ ‘ತಪ್ಪು ಒಪ್ಪಿಕೊಂಡು ಕ್ಷಮೆ ಕೋರುತ್ತೇನೆ’. ಆದರೆ ಉದ್ಧರಣ ಚಿಹ್ನೆಯೊಳಗೆ ಇರುವುದು ಆಡಿದವರ ಮಾತು. ಅಲ್ಲಿ ಏನನ್ನೂ ಬಿಡಿಸಬಾರದು, ಸೇರಿಸಬಾರದು. ಶಾಲೆಯಲ್ಲೇ ಕಲಿತಿದ್ದ ನಿಯಮವದು.

ಆ ವರ್ಷದ ಪಿಕಿಂಗಿನಲ್ಲಿ, ಅಂದರೆ ಕಾಫಿ ಹಣ್ಣು ಕೊಯ್ಯುವಾಗ, ಪಾರ್ವತಿ ಎಂಬ ಕೂಲಿಯವಳ ಮೇಲೆ ಹಣ್ಣು ಕದ್ದ ದೂರು ಬಂತು. ತಪ್ಪೊಪ್ಪಿದವರು ಲೈನಿನಲ್ಲಿ ಎಸ್ಟೇಟು ಕೊಟ್ಟ ಕೂಲಿಮನೆ ಬಿಡಬೇಕು. ಅವಳ ಹೇಳಿಕೆಯ ಕರಡಿನಲ್ಲಿ, ಚಿಹ್ನೆ ಮುಚ್ಚುವ ಮುನ್ನವೇ, ಒಂದು ‘ತ’ ಇತ್ತು. ಒಂಟಿ ಅಕ್ಷರ ಅಂದಗೆಡಿಸುತ್ತದೆಂದು ಎಂದಿನಂತೆ ಬಿಡಿಸಿ ಬರೆದೆ.

ಹೆಬ್ಬೆಟ್ಟು ಒತ್ತಿಸುವುದು ಸುಬ್ಬಯ್ಯನವರ ಕೆಲಸ. ಅಂದು ಅವರು ಕಾಫಿ ಒಣಗಿಸುವ ಕಣದಲ್ಲಿದ್ದರು, ಮ್ಯಾನೇಜರು ನನಗೇ ಹೇಳಿದರು, “ಓದಿ ಹೇಳಿ ಒತ್ತಿಸಿಬಿಡಿ.”

ಪಾರ್ವತಿ ನಾನು ಓದುವ ಮೊದಲೇ ಬೆರಳಿಗೆ ಮಸಿ ಹಚ್ಚಿಕೊಂಡಳು. ಉಗುರಿನ ಸುತ್ತ ಹಣ್ಣಿನ ಕಂದು ಕರೆ.

“ಓದೋದೆಂತಕ್ಕೆ ಅಕ್ಕಾ? ನೀವು ಬರ್ದದ್ದಲ್ವಾ. ಎಲ್ಲಿ ಒತ್ಲಿ, ಹೇಳಿ. ಇಲ್ಲಾಂದ್ರೆ ನಿಮ್ಮ ಮೇಜಿಗೇ ಒತ್ತಿಬಿಡ್ತೇನೆ!”

ನಗುತ್ತಲೇ ಓದತೊಡಗಿದೆ. “ಚೀಲ ಹರಿದು ಹಣ್ಣು ತೋಡಿನ ನೀರಿಗೆ ಬಿತ್ತು. ನಾನು ಕದ್ದಿಲ್ಲ. ತಪ್ಪು ಒಪ್ಪಿಕೊಂಡು…”

ಅವಳ ಬೆರಳು ಹಾಳೆಯತ್ತ ಬರುತ್ತಿತ್ತು. ಅವಳ ಮಣಿಕಟ್ಟು ಹಿಡಿದುಕೊಂಡೆ.

ಅಷ್ಟರಲ್ಲಿ ಬಂದ ಸುಬ್ಬಯ್ಯನವರು, “ಎಲ್ಲದ್ರಲ್ಲೂ ಇರೋ ಸಾಲು ಮಾರಾಯ್ತಿ, ಅದನ್ಯಾರು ಓದ್ತಾರೆ?” ಎಂದರು.

“ಇದು ಇವಳ ಮಾತಿನೊಳಗೆ ಬಂದಿದೆ. ಇವಳು ಹಾಗೆ ಹೇಳಿಲ್ಲ,” ಎಂದೆ.

ಪಾರ್ವತಿಯ ನಗು ಇಳಿಯಿತು. “ಅಂದ್ರೆ ನನ್ ಕೈಯಿಂದ್ಲೇ ನನ್ ಮನೆ ಬಿಡಿಸ್ತಿದ್ರಾ ಅಕ್ಕಾ?”

ಹಾಳೆ ಹರಿದು, ಅವಳೆದುರೇ ಬೇರೆ ಬರೆದೆ. ಎರಡನೆಯದನ್ನು ಅವಳು ಪೂರ್ತಿ ಓದಿಸಿಯೇ ಒತ್ತಿದಳು. ಹರಿದ ಚೀಲವನ್ನೂ ತಂದು ತೋರಿಸಿದಳು. ಮನೆ ಉಳಿಯಿತು.

ಮ್ಯಾನೇಜರು ನನ್ನನ್ನೊಮ್ಮೆ ನೋಡಿ ಕೇಳಿದರು, “ಹೋದ ವರ್ಷದವೂ ಹೀಗೇ ಬರೆದದ್ದಾ?”

ಹೋದ ವರ್ಷ ಇಂಥದೇ ದೂರಿನ ಮೇಲೆ ಎರಡು ಸಂಸಾರಗಳು ಪಾತ್ರೆ ಪಡಗ ಹೊತ್ತು ಹೋಗಿದ್ದವು. ಗಡಿಯ ಮಾಕುಟ್ಟ ದಾಟಿ ಕೇರಳದ ಕಡೆ ಹೋದರೆಂದು ಯಾರೋ ಅಂದಿದ್ದರು, ಅಷ್ಟೆ. ಅವರ ಹೇಳಿಕೆಗಳೂ ನನ್ನ ದುಂಡು ಅಕ್ಷರದಲ್ಲೇ ಇದ್ದವು. ಅವರು ನಿಜಕ್ಕೂ ಏನೆಂದಿದ್ದರೋ ನಾನು ಕೇಳಿರಲೇ ಇಲ್ಲ.

ಇನ್ನೊಬ್ಬರ ಮಾತಿಗೆ ಚಿಹ್ನೆ ತೆರೆದ ಮೇಲೆ ಅಲ್ಲಿ ನನ್ನ ಪೆನ್ನಿಗೆ ಹಕ್ಕಿಲ್ಲ ಎಂಬುದನ್ನು ಶಾಲೆಗಿಂತ ಗಟ್ಟಿಯಾಗಿ ಕೆಲಸ ನನಗೆ ಕಲಿಸಿತು. ಆ ಪಾಠಕ್ಕೆ ಬೆಲೆ ತೆತ್ತವರು ಬೇರೆಯವರು.