ಕಾಕುವಿನ ದನಿಯ ಕಾರು

ಹೋದ ವಾರ ಕೊಪ್ಪಿಕರ ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ನಾನು ಮಾತಾಡಿದ್ದು ಆಚೆಯವರಿಗೆ ಕೇಳಿಸದಂತೆ ನನ್ನ ಫೋನು ಮೊಂಡು ಹಿಡಿದಿತ್ತು. ಅಂಗಡಿಯವನು ಅದನ್ನು ಬಿಚ್ಚಿ ಬೆಸುಗೆ ಹಾಕಿದಾಗ ಸಣ್ಣಗೆ ಹೊಗೆ ಎದ್ದಿತು. ರಾಳ ಸುಟ್ಟ ವಾಸನೆ... ಸ್ವಲ್ಪ ಸಿಹಿ, ಸ್ವಲ್ಪ ಘಾಟು. ನಮ್ಮ ಮಗ್ಗುಲಮನೆಯ ಕಾಕಾರ ಅಂಗಿಗೆ ಸದಾ ಇರುತ್ತಿದ್ದ ವಾಸನೆ ಅದು.

ಗೋಪನಕೊಪ್ಪದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೋಟು ಗೋಡೆ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರ ಜೊತೆಯವರೆಲ್ಲ ವಾಕಿಂಗ್, ಭಜನೆ ಹಿಡಿದರೆ ಕಾಕಾ ಹಿಡಿದದ್ದು ಕಾರು. ಅದೂ ಎಂಥ ಕಾರು! ಹತ್ತಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಇಲಿಗಳಿಗೆ ಮನೆಯಾಗಿದ್ದ, ಎರಡೇ ಸೀಟಿನ, ಉದ್ದ ಮೂತಿಯ ವಿದೇಶಿ ಸ್ಪೋರ್ಟ್ಸ್ ಕಾರು. ನೆಲಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ಓಣಿಯ ಹಂಪ್ ದಾಟುವಾಗ ಕಾಕಾ ತಮ್ಮ ಹೊಟ್ಟೆಯನ್ನೇ ಒಳಗೆಳೆದುಕೊಳ್ಳುತ್ತಿದ್ದರು. ಇದು ಓಡುವ ಹೊತ್ತಿಗೆ ಕತ್ತೆಗೆ ಕೋಡು ಮೂಡುತ್ತದೆ ಎಂದು ನಾನು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದೆ. ಕಾರು ಓಡಿತು, ನನ್ನ ಮುಖ ಸಣ್ಣದಾಯಿತು.

ಎಲ್ಲವನ್ನೂ ಕೈಯಾರೆ ಮಾಡಬೇಕು, ಅದು ಅವರ ಹಟ. ಪದೇ ಪದೇ ಕೈಕೊಡುತ್ತಿದ್ದ, ಎಂಜಿನ್ನಿಗೆ ಕಿಡಿ ಕೊಡುವ ಹಳೆಯ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರು. ಚಿಮಣಿ ಬುಡ್ಡಿಯಂತೆ ಉರಿಯುತ್ತಿದ್ದ ಹೆಡ್‌ಲೈಟಿಗೆ ರಿಲೇ ಕೂಡಿಸಿ ಎಲ್‌ಇಡಿ ತಂದರು. ಹಿಂದೆ ಗೋಡೆ ಬಂದರೆ ಕಿರುಚುವ ಸೆನ್ಸರ್ ಕೂಡ ಬಂತು. ಶಾಲೆಯ ಮಾಸ್ತರನಾದ ನನಗೆ ರವಿವಾರ ರಜೆ, ಟಾರ್ಚ್ ಹಿಡಿಯುವ ಕೆಲಸ ನನ್ನದು. ಒಂದನ್ನು ಸರಿಮಾಡಲು ಹೋಗಿ ಎರಡನ್ನು ಕೆಡಿಸುವುದು ಅವರ ಪದ್ಧತಿ. ಒಮ್ಮೆಯಂತೂ ಹಾರ್ನ್ ಒತ್ತಿದರೆ ವೈಪರ್ ಓಡಾಡಿತು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಅಡಿಗೆಮನೆಯ ಕಿಟಕಿಯಿಂದ ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಮಾಸ್ತರ್ರ, ನೋಡ್ರಿ ನನ್ನ ಸವತೀನ್ನ. ನನಗ ತಲಿ ನೋಯಾಕತ್ತೈತಿ ಅಂದ್ರ ಕೇಳಂಗಿಲ್ಲ, ಆಕಿ ಕೆಮ್ಮಿದ್ರ ಓಡಿ ಹೊಕ್ಕಾರ."

"ನೀ ಕೆಮ್ಮಿದ್ರ ಪೆಟ್ರೋಲ್ ವಾಸನಿ ಬರಂಗಿಲ್ಲಲ್ಲ, ನನಗ ಹೆಂಗ ಗೊತ್ತಾಗಬೇಕು?" ಎಂದರು ಕಾಕಾ, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಆ ಕಾರಿಗೆ ಸೀಟ್ ಬೆಲ್ಟ್ ಇರಲಿಲ್ಲ. ಕಾಕಾ ತಂದು ಕೂಡಿಸಿದರು, ಆಮೇಲೆ ಹಾಕಿಕೊಳ್ಳುವುದನ್ನೇ ಮರೆತರು. ಅದಕ್ಕೊಂದು ಉಪಾಯವನ್ನೂ ಅವರೇ ಹುಡುಕಿದರು. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಸ್ಟೇರಿಂಗ್ ಪಕ್ಕದಲ್ಲಿ ಕೂಡಿಸಿದರು. ಅದರ ಮೇಲಿನ ಗುಂಡಿಯನ್ನು ಒತ್ತಿ ಹಿಡಿದು ಮಾತಾಡಿದರೆ ಪಕ್ಕದ ಕೆಂಪು ದೀಪ ಹೊತ್ತಿ ಆ ಮಾತು ಒಳಗೆ ಕೂರುತ್ತಿತ್ತು. ಕಾರಿನ ಬಾಗಿಲು ತೆರೆದಾಗಲೆಲ್ಲ ಅದೇ ಮಾತು ಕೇಳುತ್ತಿತ್ತು. ಹೊಸದು ಹೇಳಿದರೆ ಹಳೆಯದು ಅಳಿಸಿಹೋಗುತ್ತಿತ್ತು. ಮಾತಾಡುವ ಕೆಲಸ ಕಾಕುವಿನದು. ಒಂದಷ್ಟು ದಿನ "ಗುಳಿಗಿ ತಗೊಂಡ್ರಿಲ್ಲೋ?" ಎಂದು ಕೇಳಿದರು. ಮಾವಿನಹಣ್ಣಿನ ಸೀಕರಣಿಯ ಕಾಲದಲ್ಲಿ "ಹಣ್ಣು ಮೂಸಿ ನೋಡಿ ತರ್ರಿ" ಎಂದು ಬದಲಿಸಿದರು. ಕೊನೆಗೆ ಹೇಳಿದ್ದು, "ಪಟ್ಟಾ ಹಾಕ್ಕೋರಿ. ಸಾವಕಾಶ ಹೋಗ್ರಿ. ಬರೂಮುಂದ ಕೊತಂಬ್ರಿ ತರ್ರಿ."

ಅದನ್ನು ಬದಲಿಸಲು ಅವರಿಗೆ ಆಗಲಿಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು, ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಎಷ್ಟೋ ದಿನ ಕಾಕಾ ಕಾರಿನ ಹತ್ತಿರ ಹೋಗಲಿಲ್ಲ. ಆಮೇಲೆ ದಿನವೂ ಹೋಗತೊಡಗಿದರು. ಬಾಗಿಲು ತೆರೆದು, ಮಾತು ಮುಗಿಯುವ ತನಕ ಹೊರಗೇ ನಿಂತು, ಆಮೇಲೆ ಒಳಗೆ ಕೂರುವರು. ಬರುವಾಗ ಒಂದು ಕಟ್ಟು ಕೊತ್ತಂಬರಿ ತಂದೇ ತರುವರು. ಅದನ್ನು ಹಾಕಿ ಅಡಿಗೆ ಮಾಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಮಕ್ಕಳಿಲ್ಲದ ಮನೆ. ಹಾಗಾಗಿ ಕಟ್ಟು ನಮ್ಮ ಗೋಡೆಯ ಮೇಲೆ ಬಂದು ಕೂರುತ್ತಿತ್ತು. "ತಗೋಳವ್ವಾ, ಆಕಿ ತರಾಕ ಹೇಳ್ಯಾಳ" ಎಂದು ನನ್ನ ಹೆಂಡತಿಗೆ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕೊತ್ತಂಬರಿ. ಬೇಸರವಾಯಿತೆಂದು ಯಾರೂ ಬಾಯಿ ಬಿಡಲಿಲ್ಲ.

ಆ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆ ಬಂತು. ಮನೆಯಲ್ಲಿ ಸಾವಾದ ವರ್ಷ ಹಬ್ಬ ಬೇಡವೆಂದರು ನೆಂಟರು. ಕಾಕಾ ಕೇಳಲಿಲ್ಲ. "ಹಬ್ಬ ಬಿಡಬಹುದು, ಹತಾರದ ಪೂಜಿ ಬಿಡಬಾರದು" ಎಂದರು. ಪಾನಾ, ಪಕ್ಕಡ, ಬೆಸುಗೆ ಕಡ್ಡಿ ಎಲ್ಲವನ್ನೂ ತೊಳೆದು ಚಾಪೆಯ ಮೇಲೆ ಇಟ್ಟರು. ಕಾರಿಗೆ ಬಾಳೆಕಂದು ಕಟ್ಟಿದರು. ನನ್ನ ಹೆಂಡತಿ ಆರತಿ ಹಿಡಿದಳು, ನಾನು ಗಂಟೆ ಬಾರಿಸಿದೆ. ಕಾಕಾ ವಿಭೂತಿ ತೇಯ್ದು ಬಾನೆಟ್ಟಿಗೆ, ಸ್ಟೇರಿಂಗಿಗೆ, ಮೀಟರಿಗೆ ಮೂರು ಬೆರಳು ಎಳೆದರು. ಕೊನೆಗೆ ಡಬ್ಬಿಗೆ. ಉಳಿದವಕ್ಕೆಲ್ಲ ಬೇಗ ಬೇಗ ಎಳೆದವರು ಇದಕ್ಕೆ ಮಾತ್ರ ನಿಧಾನವಾಗಿ, ಒತ್ತಿ, "ಓಂ ನಮಃ ಶಿವಾಯ" ಎನ್ನುತ್ತ ಎಳೆದರು. ಗುಂಡಿಯ ಮೇಲೆಯೇ ಬೆರಳಿತ್ತು. ಪಕ್ಕದ ಕೆಂಪು ದೀಪ ಹೊತ್ತಿರಲೇಬೇಕು. ಆದರೆ ಅದರ ಮೇಲೆ ಚೆಂಡು ಹೂವು ಇಟ್ಟಿದ್ದರು, ಯಾರಿಗೂ ಕಾಣಲಿಲ್ಲ.

ಕಾಯಿ ಒಡೆದಾದ ಮೇಲೆ ಒಂದು ಸುತ್ತು ಹೋಗಿಬರೋಣ ಎಂದು ಕಾಕಾ ಬಾಗಿಲು ತೆರೆದರು. ಡಬ್ಬಿಯಿಂದ ಗಂಟೆಯ ಸದ್ದು ಬಂತು. ಅದರ ಹಿಂದೆ ಕಾಕಾರದೇ ದನಿ, "...ಮಃ ಶಿವಾಯ." ಅಷ್ಟೇ.

ಕಾಕಾ ಬಾಗಿಲು ಹಾಕಿದರು, ಮತ್ತೆ ತೆರೆದರು. ಮತ್ತೆ ಅದೇ ಗಂಟೆ. ತಟ್ಟೆಯಲ್ಲಿನ ಆರತಿ ಇನ್ನೂ ಉರಿಯುತ್ತಿತ್ತು.

"ಹೋತು" ಎಂದರು. "ಮ್ಯಾಲ ಹೊಸಾದು ಕುಂತ್ರ ಹಿಂದಿಂದು ಉಳಿಯಂಗಿಲ್ಲ. ಆಕೀಗಿ ಒತ್ತಾಕ ಹಗುರ ಆಗ್ಲಿ ಅಂತ ಗುಂಡಿ ಒಂದ ಇರೂದ ಆರಿಸಿ ತಂದಿದ್ದೆ."

ಅವರು ಅಳಲಿಲ್ಲ. ನನಗೇ ತಡೆಯಲಾಗದೆ ಗಂಟೆ ಅಲ್ಲೇ ಇಟ್ಟು ಮನೆಯೊಳಗೆ ಹೋದೆ.

ಆಮೇಲೆ ಅವರು ದನಿ ಹುಡುಕಲು ಹೊರಟರು. ಯಾರ ಫೋನಿನಲ್ಲಾದರೂ ಕಾಕು ಮಾತಾಡಿದ್ದು ಇರಬಹುದೆಂದು ಓಣಿಯ ಮನೆಮನೆಗೆ ಹೋಗಿ ಕೇಳಿದರು. ಕಾಕುವಿನ ತವರು ಅಮ್ಮಿನಬಾವಿಗೂ ಹೋಗಿ ಬಂದರು. ಎಲ್ಲಿಯೂ ಇಲ್ಲ. ಕಾಕುವಿಗೆ ಗೋಡೆಯ ಮೇಲಿಂದ ಕೂಗಿ ಮಾತಾಡುವುದೇ ರೂಢಿ, ಫೋನು ಕಂಡರಾಗದು. ಕೊನೆಗೆ ನಮ್ಮ ಮಗಳ ತೊಟ್ಟಿಲ ಕಾರ್ಯಕ್ರಮದ ವಿಡಿಯೋ ನೆನಪಾಯಿತು. ಹಚ್ಚಿ ತೋರಿಸಿದೆ. ಕಾಕು ಇದ್ದರು. ಇಳಕಲ್ ಸೀರೆಯುಟ್ಟು, ತೊಟ್ಟಿಲ ಹಗ್ಗ ಹಿಡಿದು, ಕ್ಯಾಮೆರಾದವನನ್ನು ಬೈಯುತ್ತಿದ್ದರು. ಆದರೆ ಆ ಪುಣ್ಯಾತ್ಮ ಮಾತೆಲ್ಲ ತೆಗೆದುಹಾಕಿ ಉದ್ದಕ್ಕೂ ಹಾಡು ಹಾಕಿದ್ದ. ತುಟಿ ಆಡುತ್ತಿತ್ತು, ಕೇಳುತ್ತಿದ್ದುದು ಶಹನಾಯಿ. ಕಾಕಾ ಟಿವಿಯ ಹತ್ತಿರ ಹೋಗಿ ಕೂತು ಅದನ್ನೇ ತಿರುಗಿ ತಿರುಗಿ ಹಚ್ಚಲು ಹೇಳಿದರು.

"ಏನೋ ಅನ್ನಾಕತ್ತಾಳ ನೋಡು ಮಾಸ್ತರ... ನಗೂಮುಂದ ಏನೋ ಅಂದ್ಲು..."

ಅವತ್ತು ನನ್ನ ಹೆಂಡತಿ ಎಷ್ಟು ಹೇಳಿದರೂ ಅವರು ಊಟಕ್ಕೆ ಏಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕಾಕಾ ಹಾಸಿಗೆ ಹಿಡಿದರು. ಒಂದು ಸಂಜೆ ಅಂಬಲಿ ತೆಗೆದುಕೊಂಡು ಹೋಗಿದ್ದೆ. ಎರಡು ಗುಟುಕು ಕುಡಿದು ನನ್ನ ಕೈ ಹಿಡಿದರು.

"ಮಾಸ್ತರ, ಆಕೀ ದನಿ ಹೆಂಗಿತ್ತೋ? ಮಾತೆಲ್ಲಾ ನೆನಪದಾವು. ದನಿ ಬರವಲ್ದು."

ನಾನು ಬಾಯಿ ತೆರೆದೆ. ದಿನ ಬೆಳಗಾದರೆ ಗೋಡೆಯಾಚೆಯಿಂದ ಕೇಳಿದ ದನಿ. ಒಳಗೆಲ್ಲ ಹುಡುಕಿದೆ, ಸಿಗಲಿಲ್ಲ. "ಛಲೋ ಇತ್ತು ಕಾಕಾ" ಎಂದೆ.

"ಅಷ್ಟ ನನಗೂ ಗೊತ್ತೈತಿ" ಎಂದು ಅವರು ಗೋಡೆಯ ಕಡೆ ಹೊರಳಿದರು. ಆ ವಾರವೇ ಹೋಗಿಬಿಟ್ಟರು. ಕಾರನ್ನು ಅವರ ತಮ್ಮನ ಮಗ ಅಮರಗೋಳದ ಕಡೆಯ ಯಾರಿಗೋ ಕೊಟ್ಟನಂತೆ...

ಅಂಗಡಿಯವನು ಫೋನು ಮುಚ್ಚಿ ನನ್ನ ಮುಂದೆ ಹಿಡಿದ. "ಏನರೆ ಮಾತಾಡ್ರಿ ಸರ, ರೆಕಾರ್ಡ್ ಮಾಡಿ ನೋಡೂಣು" ಎಂದ. ಏನು ಮಾತಾಡುವುದು? ಕಾಕು ಕಾರಿನಲ್ಲಿ ಇಟ್ಟಿದ್ದ ಆ ಕೊನೆಯ ಮಾತುಗಳನ್ನೇ ಹೇಳಿದೆ. ಅವನು ಗುಂಡಿ ಒತ್ತಿ ಕೇಳಿಸಿದ. ಒಂದಕ್ಷರವೂ ತಪ್ಪಿರಲಿಲ್ಲ. ದನಿ ನನ್ನದಾಗಿತ್ತು.

"ಸ್ವಚ್ಛ ಕೇಳಸ್ತೈತಿ ನೋಡ್ರಿ ಸರ" ಎಂದ ಅಂಗಡಿಯವನು.